ಹತ್ತು ಸಾವಿರ ಅಡಿಯ ಮೇಲೆ ಗ್ಯಾಸ್ ಫ್ರಿಜ್ ಏಕೆ ಮುನಿಯುತ್ತದೆ

ಅಮೆರಿಕದ ಕೊಲರಾಡೊ ರಾಜ್ಯದ ಲೆಡ್‌ವಿಲ್ ಸಮುದ್ರಮಟ್ಟದಿಂದ 10,152 ಅಡಿ ಎತ್ತರದಲ್ಲಿರುವ ಪುಟ್ಟ ಊರು. ಹಿಂದೆ ಬೆಳ್ಳಿಯ ಗಣಿಗಳಿಗೆ ಹೆಸರಾಗಿತ್ತು. ಈಗ ಬೇಸಿಗೆಯಲ್ಲಿ ಡೆನ್ವರ್ ಕಡೆಯವರು ತಂಪು ಹುಡುಕಿಕೊಂಡು ಬರುವ ಜಾಗ. ಊರಿನ ಪಶ್ಚಿಮಕ್ಕೆ ಟರ್ಕ್ವಾಯ್ಸ್ ಸರೋವರವಿದೆ. ಅದರ ದಂಡೆಯ ಪೈನ್ ಮರಗಳ ನಡುವೆ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಮತ್ತು ನಾನು ಬಾಡಿಗೆಯ ಆರ್‌ವಿಯೊಂದನ್ನು ನಿಲ್ಲಿಸಿಕೊಂಡು ಮೂರು ದಿನ ಇರುವುದೆಂದು ಹೋಗಿದ್ದೆವು. ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ. ಮಂಚ, ಒಲೆ, ಸಿಂಕು, ಶೌಚಾಲಯ, ಫ್ರಿಜ್ ಎಲ್ಲವೂ ಇರುತ್ತವೆ. ಹೋಟೆಲಿನ ಊಟ ಒಗ್ಗದ ನಮ್ಮಂಥವರಿಗೆ ಹೇಳಿ ಮಾಡಿಸಿದ ವಾಹನ.

ಮೊದಲ ರಾತ್ರಿಯೇ ಫ್ರಿಜ್ಜಿನ ಹಣೆಯ ಮೇಲೆ ‘ಚೆಕ್’ ಎಂಬ ದೀಪ ಹೊತ್ತಿಕೊಂಡಿತು. ಒಳಗೆ ಎರಡು ಡಬ್ಬಿ ದೋಸೆ ಹಿಟ್ಟು, ಒಂದು ಪಾತ್ರೆ ಮೊಸರು, ಒಂದು ಗ್ಯಾಲನ್ ಹಾಲು ಇದ್ದವು. “ಭಾವ, ಸಿಲಿಂಡರ್ ಖಾಲಿಯಾಗಿರಬೇಕು, ನೋಡಿ” ಎಂದೆ. ಭಾವ ಒಲೆ ಹಚ್ಚಿದರು. ಚೆನ್ನಾಗಿಯೇ ಉರಿಯಿತು. ಗ್ಯಾಸ್ ಇದೆ, ಒಲೆ ಉರಿಯುತ್ತದೆ, ಫ್ರಿಜ್ ಮಾತ್ರ ಉರಿಯುವುದಿಲ್ಲ. ಮರುದಿನ ಊರಿಗೆ ಹೋಗಿ ಫೋನ್ ಮಾಡಿದಾಗ ವಾಹನ ಕೊಟ್ಟವರು ಒಂದೇ ಸಾಲಿನಲ್ಲಿ ಮುಗಿಸಿದರು: ಅಷ್ಟು ಎತ್ತರದಲ್ಲಿ ಹಾಗೆಯೇ, ಫ್ರಿಜ್ ಕೆಲಸ ಮಾಡುವುದಿಲ್ಲ.

ಈ ಉತ್ತರ ಅರ್ಧ ನಿಜ. ಉಳಿದರ್ಧ ಏನೆಂದು ತಿಳಿಯಬೇಕಾದರೆ, ಫ್ರಿಜ್ ‘ಉರಿಯುವುದು’ ಎಂದರೇನು ಎಂಬಲ್ಲಿಂದ ಶುರು ಮಾಡಬೇಕು.

ಬೆಂಕಿಯಿಂದ ತಂಪು

ನಮ್ಮ ಮನೆಗಳಲ್ಲಿರುವ ಫ್ರಿಜ್ಜಿನ ಹಿಂದೆ ಗುಂಯ್‌ಗುಡುವ ಕಂಪ್ರೆಸರ್ ಇರುತ್ತದೆ. ಆರ್‌ವಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗ್ಯಾಸ್ ಫ್ರಿಜ್ಜಿನಲ್ಲಿ ಅದಿಲ್ಲ. ತಿರುಗುವ, ಸವೆಯುವ ಭಾಗ ಒಂದೂ ಇಲ್ಲ. ಹಿಂಬದಿಯಲ್ಲಿ ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ಕೊಳವೆಗಳ ಜಡೆ, ಅದರ ಬುಡದಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ನೀಲಿ ಜ್ವಾಲೆ, ಇಷ್ಟೇ. ಸದ್ದೇ ಇಲ್ಲದ ಕಾರಣ ಇದೇ ಬಗೆಯ ಪುಟ್ಟ ಫ್ರಿಜ್ಜನ್ನು ವಿದ್ಯುತ್ತಿನ ಕಾವು ಕೊಟ್ಟು ಹೋಟೆಲ್ ಕೋಣೆಗಳಲ್ಲಿಯೂ ಇಡುತ್ತಾರೆ.

1922ರಲ್ಲಿ ಸ್ಟಾಕ್‌ಹೋಮ್‌ನ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನು ರೂಪಿಸಿದರು. 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಅದನ್ನು ಕೊಂಡುಕೊಂಡಿತು. ಇಂದು ಆರ್‌ವಿಗಳಲ್ಲಿ ಕಾಣುವ ಡೊಮೆಟಿಕ್ ಹೆಸರಿನ ಫ್ರಿಜ್ಜುಗಳ ಬೇರು ಅಲ್ಲಿದೆ. ಐನ್‌ಸ್ಟೈನ್ ಮತ್ತು ಭೌತವಿಜ್ಞಾನಿ ಲಿಯೋ ಸಿಲಾರ್ಡ್ ಕೂಡ ತಿರುಗುವ ಭಾಗಗಳಿಲ್ಲದ ತಮ್ಮದೇ ಫ್ರಿಜ್ಜಿಗೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು. ಅದು ಅಡುಗೆಮನೆಯ ತನಕ ಬರಲಿಲ್ಲ. ವಿದ್ಯಾರ್ಥಿಗಳದ್ದು ಬಂತು.

ಆ ಕೊಳವೆಗಳೊಳಗೆ ಮೂರು ವಸ್ತುಗಳಿವೆ: ನೀರು, ಅಮೋನಿಯ, ಹೈಡ್ರೋಜನ್. ನೀರಿಗೆ ಅಮೋನಿಯ ಎಂದರೆ ಬಲು ಆಸೆ. ತಣ್ಣಗಿರುವಾಗ ಎಷ್ಟು ಸಿಕ್ಕಿದರೂ ಹೀರಿಕೊಳ್ಳುತ್ತದೆ, ಬಿಸಿ ಮಾಡಿದರೆ ಬಿಟ್ಟುಕೊಡುತ್ತದೆ. ಜ್ವಾಲೆಯ ಕೆಲಸ ಆ ಬಿಡಿಸುವಿಕೆ. ಬುಡದ ಕುದಿಪಾತ್ರೆಯಲ್ಲಿ ಅಮೋನಿಯ ಬೆರೆತ ನೀರು ಕಾಯುತ್ತದೆ, ಗುಳ್ಳೆಗಳೇಳುತ್ತವೆ. ಸಣ್ಣ ಕೊಳವೆಯಲ್ಲಿ ಆ ಗುಳ್ಳೆಗಳು ತಮ್ಮ ತಲೆಯ ಮೇಲೆ ತುಸು ತುಸು ನೀರನ್ನೂ ಹೊತ್ತು ಮೇಲೇರುತ್ತವೆ. ಈ ಯಂತ್ರಕ್ಕೆ ಇರುವ ಪಂಪು ಇದೊಂದೇ. ಮೇಲೆ ಹೋದ ಅಮೋನಿಯದ ಆವಿ ರೆಕ್ಕೆರೆಕ್ಕೆಯ ಕೊಳವೆಗಳಲ್ಲಿ ಹೊರಗಿನ ಗಾಳಿಗೆ ತನ್ನ ಕಾವನ್ನು ಕೊಟ್ಟು ದ್ರವವಾಗುತ್ತದೆ. ಆ ದ್ರವ ಫ್ರಿಜ್ಜಿನೊಳಗಿನ ಕೊಳವೆಗೆ ಇಳಿಯುತ್ತದೆ. ತಂಪು ಹುಟ್ಟುವುದು ಅಲ್ಲಿ.

ಮಣ್ಣಿನ ಹೂಜಿಯ ನೀರು ಏಕೆ ತಂಪು ಎಂದು ಎಲ್ಲರಿಗೂ ಗೊತ್ತು. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಕಾವನ್ನು ಕೊಂಡೊಯ್ಯುತ್ತದೆ. ಅಮೋನಿಯ ಮಾಡುವುದೂ ಅದನ್ನೇ, ಆದರೆ ಇನ್ನೂ ಜೋರಾಗಿ. ಅದು ಆವಿಯಾಗಲು ಹೈಡ್ರೋಜನ್ ಏಕೆ ಬೇಕು? ಒಗೆದ ಬಟ್ಟೆ ಮಳೆಗಾಲದ ಮಂಗಳೂರಿನಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಬೇಸಿಗೆಯ ರಾಯಚೂರಿನಲ್ಲಿ ಗಂಟೆಯೊಳಗೆ ಗರಿಗರಿಯಾಗುತ್ತದೆ. ಗಾಳಿಯಲ್ಲಿ ನೀರಿನ ಆವಿ ಎಷ್ಟು ಕಡಿಮೆಯೋ ಬಟ್ಟೆಯ ನೀರು ಅಷ್ಟು ಬೇಗ ಹಾರುತ್ತದೆ. ಅಮೋನಿಯದ ಪಾಲಿಗೆ ಹೈಡ್ರೋಜನ್ ಎಂದರೆ ರಾಯಚೂರಿನ ಒಣಗಾಳಿ. ಆ ಒಣಗಾಳಿ ಸಿಕ್ಕ ಕೂಡಲೇ ದ್ರವ ಅಮೋನಿಯ ಆವಿಯಾಗತೊಡಗುತ್ತದೆ, ಪಕ್ಕದಲ್ಲಿರುವ ಹಾಲು, ಮೊಸರು, ದೋಸೆ ಹಿಟ್ಟಿನ ಕಾವನ್ನೆಲ್ಲ ಎಳೆದುಕೊಳ್ಳುತ್ತದೆ. ಆಮೇಲೆ ಅಮೋನಿಯ ತುಂಬಿ ಭಾರವಾದ ಮಿಶ್ರಣ ಕೆಳಗಿಳಿಯುತ್ತದೆ. ಅಲ್ಲಿ ತಣಿದ ನೀರು ಹನಿಹನಿಯಾಗಿ ಬರುತ್ತ ಅಮೋನಿಯವನ್ನು ಹೀರಿಕೊಳ್ಳುತ್ತದೆ, ಹಗುರಾದ ಹೈಡ್ರೋಜನ್ ಮತ್ತೆ ಮೇಲೇರುತ್ತದೆ, ನೀರು ಮತ್ತೆ ಕುದಿಪಾತ್ರೆಗೆ ಬರುತ್ತದೆ. ಈ ಓಡಾಟವನ್ನೆಲ್ಲ ನಡೆಸುವುದು ಕಾವು ಮತ್ತು ಗುರುತ್ವ, ಎರಡೇ. ಗುರುತ್ವವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎತ್ತರ ಯಾರಿಗೆ ಗೊತ್ತಾಗುತ್ತದೆ?

ಡೆನ್ವರಿನಿಂದ ಬೆಟ್ಟ ಏರುತ್ತಿದ್ದಾಗ ಮಕ್ಕಳ ಚಿಪ್ಸ್ ಪೊಟ್ಟಣಗಳು ಉಬ್ಬಿ ದಿಂಬಿನಂತಾಗಿದ್ದವು. ಪೊಟ್ಟಣದೊಳಗಿನ ಗಾಳಿ ಕೆಳಗಿನ ಊರಿನದು, ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿದೆ, ಆದ್ದರಿಂದ ಉಬ್ಬಿದೆ. ಹತ್ತು ಸಾವಿರ ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಸುಮಾರು ಶೇಕಡಾ 70 ಭಾಗ ಮಾತ್ರ. ನೀರು ಕುದಿಯುವುದೂ 100 ಡಿಗ್ರಿಯಲ್ಲಲ್ಲ, 90ರ ಆಸುಪಾಸಿನಲ್ಲಿ. ಅಕ್ಕ ಕುಕ್ಕರ್ ತಾರದೆ ಹೋಗಿದ್ದರೆ ತೊಗರಿಬೇಳೆ ಬೇಯುವುದನ್ನು ಕಾಯುತ್ತ ನಾವೇ ಬೆಂದುಹೋಗುತ್ತಿದ್ದೆವು.

ಹಾಗಾದರೆ ಅಮೋನಿಯ ಕುದಿಯುವುದೂ ಏರುಪೇರಾಗಿ ಫ್ರಿಜ್ ಕೆಟ್ಟಿತೇ? ಹಲವರು ಹೀಗೆ ಊಹಿಸುತ್ತಾರೆ. ಇಲ್ಲ. ಅಮೋನಿಯ ಇರುವುದು ಬೆಸುಗೆ ಹಾಕಿದ ಉಕ್ಕಿನೊಳಗೆ, ವಾತಾವರಣದ ಒತ್ತಡದ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಒತ್ತಡದಲ್ಲಿ. ಹೊರಗಿನ ಒತ್ತಡ ಸುಮಾರು ಮೂರರಲ್ಲಿ ಒಂದಂಶದಷ್ಟು ಇಳಿದರೆ ಅದಕ್ಕೆ ಏನೂ ಆಗುವುದಿಲ್ಲ. ಚಿಪ್ಸ್ ಪೊಟ್ಟಣ ಉಬ್ಬಬಲ್ಲದು, ಉಕ್ಕಿನ ಕೊಳವೆ ಉಬ್ಬದು. ಫ್ರಿಜ್ಜಿನ ತಂಪುಯಂತ್ರಕ್ಕೆ ತಾನು ಕಾರವಾರದ ಕಡಲ ದಂಡೆಯಲ್ಲಿದ್ದೇನೋ ರಾಕಿ ಪರ್ವತದ ಮೇಲಿದ್ದೇನೋ ಗೊತ್ತೇ ಆಗುವುದಿಲ್ಲ.

ಗೊತ್ತಾಗುವುದು ಬೆಂಕಿಗೆ. ಅದು ಹೊರಗಿನ ಗಾಳಿಯನ್ನು ಉಸಿರಾಡುತ್ತದೆ.

ಸಿಲಿಂಡರಿನಲ್ಲಿರುವ ಗ್ಯಾಸ್ ಪ್ರೊಪೇನ್. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಐದು ಪಾಲು ಆಮ್ಲಜನಕ ಬೇಕು. ಗಾಳಿಯ ಐದರಲ್ಲಿ ಒಂದಂಶ ಮಾತ್ರ ಆಮ್ಲಜನಕವಾದ್ದರಿಂದ ಗಾಳಿಯ ಲೆಕ್ಕದಲ್ಲಿ ಸುಮಾರು 24 ಪಾಲು. ಬೆಟ್ಟದ ಮೇಲೂ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಅದೇ ಶೇಕಡಾ 21. ಆದರೆ ಗಾಳಿಯೇ ತೆಳ್ಳಗಾಗಿದೆ. ಒಂದು ಬೊಗಸೆಯಲ್ಲಿ ಮೊದಲು ನೂರು ಕಣಗಳಿದ್ದರೆ ಈಗ ಎಪ್ಪತ್ತು.

ಗ್ಯಾಸ್ ಕೂಡ ಅಷ್ಟೇ ಕಡಿಮೆಯಾಗುತ್ತದಲ್ಲ, ಹಾಗಾದರೆ ಲೆಕ್ಕ ಸರಿಹೋಗಬೇಕಲ್ಲ ಎಂದು ಕೇಳಬಹುದು. ಇಡೀ ಕತೆಯ ತಿರುಳು ಈ ಪ್ರಶ್ನೆಯಲ್ಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಸಿಲಿಂಡರಿನ ಗ್ಯಾಸಿನ ಒತ್ತಡವನ್ನು ರೆಗ್ಯುಲೇಟರ್ ತಗ್ಗಿಸಿ ಕೊಳವೆಗೆ ಬಿಡುತ್ತದೆ. ಅಮೆರಿಕದ ಆರ್‌ವಿಗಳಲ್ಲಿ ಅದರ ಅಳತೆ 11 ಇಂಚು ನೀರು. ಎಂದರೆ ‘ಯು’ ಆಕಾರದ ಕೊಳವೆಯಲ್ಲಿ ನೀರು ತುಂಬಿಸಿ ಒಂದು ಕಡೆಯಿಂದ ಈ ಗ್ಯಾಸ್ ಬಿಟ್ಟರೆ ಎರಡು ಬದಿಯ ನೀರಿನ ನಡುವೆ 28 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ನಮ್ಮ ಅಡುಗೆಮನೆಯ ಗ್ಯಾಸ್ ರೆಗ್ಯುಲೇಟರಿನದ್ದೂ ಹೆಚ್ಚುಕಡಿಮೆ ಇಷ್ಟೇ. ರೆಗ್ಯುಲೇಟರಿನ ಬೆನ್ನಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರ ಮೂಲಕ ಅದು ಹೊರಗಿನ ಗಾಳಿಯ ಒತ್ತಡವನ್ನು ತಿಳಿದು, ಅದಕ್ಕಿಂತ 11 ಇಂಚು ಹೆಚ್ಚು ಇರುವಂತೆ ನೋಡಿಕೊಳ್ಳುತ್ತದೆ. ಬೆಟ್ಟದ ಮೇಲೂ ಆ ಹನ್ನೊಂದು ಹನ್ನೊಂದೇ. ಹೀಗೆ ತಳ್ಳುವ ಬಲ ಬದಲಾಗಲಿಲ್ಲ, ಹೊರಬರುವ ಗ್ಯಾಸ್ ಮಾತ್ರ ತೆಳ್ಳಗಾಯಿತು. ಒಂದೇ ಬಲದಿಂದ ಹಗುರಾದದ್ದನ್ನು ತಳ್ಳಿದರೆ ಅದು ಹೆಚ್ಚು ವೇಗವಾಗಿ ಹೋಗುತ್ತದೆ. ತೆಳುವಾದದ್ದರ ನಷ್ಟವನ್ನು ವೇಗ ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ. ಗಣಿತದಲ್ಲಿ ಹೇಳುವುದಾದರೆ ಗ್ಯಾಸಿನ ತೂಕ ಒತ್ತಡದ ವರ್ಗಮೂಲದಂತೆ ಇಳಿಯುತ್ತದೆ. 0.70ರ ವರ್ಗಮೂಲ ಸುಮಾರು 0.84. ಸಮುದ್ರಮಟ್ಟದಲ್ಲಿ ನೂರು ಗ್ರಾಂ ಬರುತ್ತಿದ್ದ ಕಡೆ ಲೆಡ್‌ವಿಲ್‌ನಲ್ಲಿ 84 ಗ್ರಾಂ ಬರುತ್ತದೆ.

ಗಾಳಿಯ ಪಾಡು ಬೇರೆ. ಗ್ಯಾಸಿನ ಚಿಮ್ಮು ತನ್ನ ಜೊತೆಗೆ ಎಳೆದುಕೊಳ್ಳುವ ಗಾಳಿ ಗ್ಯಾಸಿನ ಹೆಜ್ಜೆಗೇ ಹೆಜ್ಜೆ ಹಾಕುತ್ತದೆ. ಆದರೆ ಜ್ವಾಲೆಗೆ ಬೇಕಾದ ಉಳಿದ ಗಾಳಿಯನ್ನು ಒದಗಿಸುವುದು ಬರ್ನರ್ ಮೇಲಿನ ಸಪೂರ ಚಿಮಣಿಯ ಎಳೆತ. ಬಿಸಿಗಾಳಿ ಮೇಲೆ ಹೋಗುತ್ತದೆ, ತಣ್ಣನೆಯ ಗಾಳಿ ಕೆಳಗಿನಿಂದ ಬರುತ್ತದೆ. ಇಲ್ಲಿ ತಳ್ಳುವ ಬಲ ಹುಟ್ಟುವುದೇ ಗಾಳಿಯ ತೂಕದಿಂದ. ಗಾಳಿ ತೆಳ್ಳಗಾದಾಗ ಎಳೆತವೂ ಅಷ್ಟೇ ಸೊರಗುತ್ತದೆ. ವೇಗ ಹೆಚ್ಚಿ ನಷ್ಟ ತುಂಬಿಕೊಡುವ ಪ್ರಶ್ನೆಯೇ ಇಲ್ಲ. ನೂರು ಇದ್ದದ್ದು ನೇರವಾಗಿ 70ಕ್ಕೆ ಇಳಿಯುತ್ತದೆ.

ಗ್ಯಾಸ್ 84, ಚಿಮಣಿಯ ಗಾಳಿ 70. ಲೆಕ್ಕವನ್ನು ಸರಳಗೊಳಿಸಿ ಹೇಳಿದ್ದೇನೆ, ಆದರೆ ದಿಕ್ಕು ಇದೇ. ಬೆಟ್ಟದ ಮೇಲೆ ಬೆಂಕಿಗೆ ಊಟ ಸ್ವಲ್ಪ ಕಡಿಮೆ, ಉಸಿರು ಇನ್ನೂ ಕಡಿಮೆ. ಇದರಿಂದ ಎರಡು ತೊಂದರೆಗಳು ಒಟ್ಟಿಗೆ ಬರುತ್ತವೆ. ಕಾವು ಇಳಿದದ್ದರಿಂದ ಕುದಿಪಾತ್ರೆಯಲ್ಲಿ ಗುಳ್ಳೆಗಳು ಕಡಿಮೆಯಾಗಿ ತಂಪು ತಗ್ಗುತ್ತದೆ. ಗಾಳಿ ಸಾಲದೆ ಜ್ವಾಲೆ ನೀಲಿ ಬಿಟ್ಟು ಹಳದಿಗೆ ತಿರುಗುತ್ತದೆ, ಸೋಮಾರಿಯಂತೆ ತೂಗಾಡುತ್ತದೆ, ಮಸಿ ಕಟ್ಟುತ್ತದೆ, ಕೊನೆಗೆ ಆರುತ್ತದೆ. ಜ್ವಾಲೆಯೊಳಗೆ ಮೂಗು ತೂರಿಸಿಕೊಂಡಿರುವ ಥರ್ಮೋಕಪಲ್ ಎಂಬ ಲೋಹದ ಕಡ್ಡಿ ಕಾವು ಇಲ್ಲವೆಂದು ತಿಳಿಸಿದ ಕೂಡಲೇ ಗ್ಯಾಸ್ ನಿಲ್ಲುತ್ತದೆ. ಯಂತ್ರ ಎರಡು ಮೂರು ಸಲ ಕಿಡಿ ಹಾರಿಸಿ ನೋಡುತ್ತದೆ, ಹೊತ್ತದಿದ್ದರೆ ದೀಪ ತೋರಿಸಿ ಕೈಕಟ್ಟಿ ಕೂರುತ್ತದೆ. ನಾವು ಕಂಡ ‘ಚೆಕ್’ ದೀಪ ಅದೇ.

ಈ ಲೆಕ್ಕ ತಿಳಿದವರು ಮಾಡದ, ತಿಳಿಯದವರು ಮಾಡುವ ಒಂದು ತಪ್ಪಿದೆ: ಎತ್ತರದಲ್ಲಿ ಗ್ಯಾಸ್ ಸಾಲುತ್ತಿಲ್ಲವೆಂದು ರೆಗ್ಯುಲೇಟರಿನ ತಿರುಪು ತಿರುಗಿಸಿ ಒತ್ತಡ ಹೆಚ್ಚಿಸುವುದು. ಉಸಿರು ಸಾಲದೆ ಏದುಸಿರು ಬಿಡುತ್ತಿರುವವನ ಬಾಯಿಗೆ ಇನ್ನೊಂದು ಮುದ್ದೆ ತುರುಕಿದಂತೆ. ಜ್ವಾಲೆ ಇನ್ನಷ್ಟು ಹಳದಿಯಾಗುತ್ತದೆ, ಮಸಿ ಮತ್ತು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೆಚ್ಚುತ್ತವೆ. ಎತ್ತರದ ಊರುಗಳ ಮನೆಗಳಲ್ಲಿ ಗ್ಯಾಸ್ ಉಪಕರಣಗಳನ್ನು ಅಳವಡಿಸುವವರು ಮಾಡುವುದು ಇದರ ತದ್ವಿರುದ್ಧ. ಸಾವಿರ ಅಡಿಗೆ ಸುಮಾರು ಶೇಕಡಾ 4ರಂತೆ ಗ್ಯಾಸನ್ನು ಇಳಿಸುತ್ತಾರೆ, ಅದಕ್ಕಾಗಿ ಇನ್ನೂ ಸಣ್ಣ ತೂತಿನ ಜೆಟ್, ಎಂದರೆ ಗ್ಯಾಸ್ ಚಿಮ್ಮಿಸುವ ಮೂತಿ, ಹಾಕುತ್ತಾರೆ. ಆರ್‌ವಿ ಒಂದು ಕಡೆ ನಿಲ್ಲುವ ಮನೆಯಲ್ಲ. ಇಂದು ಲೆಡ್‌ವಿಲ್, ನಾಳಿದ್ದು ಕ್ಯಾನ್ಸಸ್‌ನ ಬಯಲು. ಒಂದು ಎತ್ತರಕ್ಕೆ ಹೊಂದಿಸಿದ ಜೆಟ್ ಇನ್ನೊಂದಕ್ಕೆ ಸಲ್ಲುವುದಿಲ್ಲ. ಹಾಗಾಗಿ ಫ್ರಿಜ್ಜಿನ ಜೆಟ್ಟಿಗೆ ಕೈ ಹಚ್ಚದಿರುವುದೇ ಲೇಸು.

5,500 ಅಡಿ ಎಂಬ ಗೆರೆ

ಅಮೆರಿಕದ ಆರ್‌ವಿ ಫ್ರಿಜ್ಜುಗಳ ಇನ್ನೊಂದು ದೊಡ್ಡ ಹೆಸರು ನಾರ್‌ಕೋಲ್ಡ್. ಅದರ ಕೈಪಿಡಿಗಳಲ್ಲಿ ಒಂದು ಎಚ್ಚರಿಕೆ ಇದೆ: 5,500 ಅಡಿಗಿಂತ ಮೇಲೆ ಪ್ರೊಪೇನ್‌ನಲ್ಲಿ ನಡೆಸಿದರೆ ತಂಪು ಕಡಿಮೆಯಾಗಬಹುದು, ಬರ್ನರ್ ಆರಬಹುದು, ಆದ್ದರಿಂದ ವಿದ್ಯುತ್ತಿಗೆ ಬದಲಾಯಿಸಿಕೊಳ್ಳಿ. ವಿದ್ಯುತ್ ಸಲಹೆ ಸರಿಯಾದದ್ದೇ. ಕುದಿಪಾತ್ರೆಗೆ ಕಾವು ಕೊಡಲು ಜ್ವಾಲೆಯ ಪಕ್ಕದಲ್ಲಿ ವಿದ್ಯುತ್ತಿನ ಹೀಟರ್ ಕಡ್ಡಿಯೂ ಇರುತ್ತದೆ. ಅದಕ್ಕೆ ಉಸಿರು ಬೇಕಿಲ್ಲ.

5,500 ಅಡಿ ಎಂದರೆ 1,676 ಮೀಟರ್. ನಮ್ಮ ಕಣ್ಣಳತೆಗೆ ತರುವುದಾದರೆ, ಬೆಂಗಳೂರು ಸುಮಾರು 920 ಮೀಟರ್. ಮುಳ್ಳಯ್ಯನಗಿರಿಯ ತುದಿ 1,930. ಕರ್ನಾಟಕದಲ್ಲಿ ಈ ಗೆರೆ ದಾಟುವ ಜಾಗಗಳು ಬಾಬಾಬುಡನ್‌ಗಿರಿ ಸಾಲಿನ ನೆತ್ತಿ, ತಡಿಯಂಡಮೋಳ್ ಹೀಗೆ ಬೆರಳೆಣಿಕೆಯಷ್ಟು. ಅಲ್ಲಿ ಡೆನ್ವರ್ ಪಟ್ಟಣವೇ 5,280 ಅಡಿ, ಗೆರೆಯ ಹೊಸ್ತಿಲಿನಲ್ಲಿ ಕುಳಿತಿದೆ. ಅಲ್ಲಿಂದ ಪಶ್ಚಿಮಕ್ಕೆ ಐ-70 ಹೆದ್ದಾರಿಯಲ್ಲಿ ಗಂಟೆಯೊಂದು ಓಡಿದರೆ ಐಸೆನ್‌ಹೋವರ್ ಸುರಂಗ, 11,158 ಅಡಿ. ಕೊಲರಾಡೊದಲ್ಲಿ ಬೆಟ್ಟದ ಕಡೆ ರಜೆಗೆ ಹೊರಟವರೆಲ್ಲ ಕೈಪಿಡಿಯ ಗೆರೆಯ ಮೇಲೆಯೇ ಇರುತ್ತಾರೆ.

ಕೈಪಿಡಿಯ ಸಲಹೆಯಲ್ಲಿ ಒಂದು ವ್ಯಂಗ್ಯವೂ ಇದೆ. ವಿದ್ಯುತ್ತಿಗೆ ಬದಲಾಯಿಸಿ ಎನ್ನುತ್ತದೆ, ಆದರೆ ಎತ್ತರದ ಕಾಡಿನ ಶಿಬಿರತಾಣಗಳಲ್ಲಿ ಬಹುಪಾಲು ಕಡೆ ವಿದ್ಯುತ್ ಕಂಬವೇ ಇಲ್ಲ. ಒಂದು ಮೇಜು, ಬೆಂಕಿಗುಂಡಿ, ಪಾಯಿಖಾನೆ, ಇಷ್ಟೇ. ಬ್ಯಾಟರಿಯಿಂದ ನಡೆಸೋಣವೆಂದರೆ ಹೀಟರ್ ಕಡ್ಡಿ 300 ವಾಟ್‌ಗೂ ಹೆಚ್ಚು ತಿನ್ನುತ್ತದೆ. 12 ವೋಲ್ಟಿನಲ್ಲಿ ಅದು 25 ಆಂಪಿಯರ್ ಮೀರುತ್ತದೆ, 100 ಆಂಪಿಯರ್-ಅವರ್ ಬ್ಯಾಟರಿ ನಾಲ್ಕು ಗಂಟೆಯೂ ತಡೆಯುವುದಿಲ್ಲ. ಜನರೇಟರ್ ಹಚ್ಚಬಹುದು. ಅದೂ ಅದೇ ತೆಳುಗಾಳಿಯನ್ನು ಉಸಿರಾಡುವ ಪ್ರಾಣಿ, ಸಾವಿರ ಅಡಿಗೆ ಶೇಕಡಾ ಮೂರು ನಾಲ್ಕರಷ್ಟು ಬಲ ಕಳೆದುಕೊಳ್ಳುತ್ತದೆ. ರಾತ್ರಿಯಿಡೀ ಓಡಿಸಿದರೆ ಪಕ್ಕದ ಟೆಂಟಿನವರು ಸುಮ್ಮನಿರುವುದಿಲ್ಲ. ಗ್ಯಾಸ್ ಆದರೋ ಗಂಟೆಗೆ 1,500 ಬಿಟಿಯು (ಬಿಟಿಯು ಎಂದರೆ ಕಾವಿನ ಒಂದು ಅಳತೆ) ತಿನ್ನುವ ಬರ್ನರಿಗೆ 20 ಪೌಂಡಿನ, ಎಂದರೆ 9 ಕಿಲೋ ಚಿಲ್ಲರೆಯ ಸಿಲಿಂಡರ್ ಹನ್ನೊಂದು ಹನ್ನೆರಡು ದಿನ ಬರುತ್ತದೆ. ಕಾಡಿನಲ್ಲಿ ಗ್ಯಾಸಿಗೆ ಸಾಟಿಯಿಲ್ಲ.

ಮತ್ತೆ ವಾಹನ ಕೊಟ್ಟವರ ಮಾತಿಗೆ ಬರುತ್ತೇನೆ. ಹತ್ತು ಸಾವಿರ ಅಡಿಯಲ್ಲಿ ಫ್ರಿಜ್ ಕೆಲಸ ಮಾಡುವುದೇ ಇಲ್ಲ ಎನ್ನುವುದು ತಪ್ಪು. ಪ್ರತಿ ಬೇಸಿಗೆಯಲ್ಲಿ ಎಷ್ಟೋ ಜನ ಆ ಎತ್ತರದಲ್ಲಿ ಗ್ಯಾಸಿನಲ್ಲಿಯೇ ಹಾಲು ಕೆಡದಂತೆ ಇಟ್ಟುಕೊಳ್ಳುತ್ತಾರೆ. ಬರ್ನರುಗಳನ್ನು ಬೇಕಾದುದಕ್ಕಿಂತ ಹೆಚ್ಚು ಗಾಳಿ ಸಿಗುವಂತೆ ಮಾಡಿರುತ್ತಾರೆ, ಆದ್ದರಿಂದ ಗಾಳಿ ಸ್ವಲ್ಪ ಕಡಿಮೆಯಾದರೆ ತಡೆದುಕೊಳ್ಳುತ್ತವೆ. ಬೆಟ್ಟದ ಹವೆಯೂ ಸಹಾಯಕ್ಕೆ ಬರುತ್ತದೆ. ಜುಲೈಯಲ್ಲಿಯೂ ಲೆಡ್‌ವಿಲ್‌ನ ಮಧ್ಯಾಹ್ನ ಇಪ್ಪತ್ತರ ಆಸುಪಾಸು, ರಾತ್ರಿ ಕಂಬಳಿ ಬೇಕು. ಹೊರಗೆ ಅಷ್ಟು ತಂಪಿರುವಾಗ ಫ್ರಿಜ್ಜಿಗೆ ಕೆಲಸವೇ ಕಡಿಮೆ. ಕಾವು ಶೇಕಡಾ 16 ಇಳಿದರೆ ಜ್ವಾಲೆ ಸ್ವಲ್ಪ ಹೆಚ್ಚು ಹೊತ್ತು ಉರಿದು ಸರಿದೂಗಿಸುತ್ತದೆ. ಹಿಂಬದಿಯ ರೆಕ್ಕೆಗಳಿಂದ ಕಾವು ಒಯ್ಯುವ ಶಕ್ತಿ ತೆಳುಗಾಳಿಗೆ ಕಡಿಮೆ ಎಂಬುದು ನಿಜ, ಆದರೆ ಆ ಗಾಳಿ ತಣ್ಣಗಿರುವುದರಿಂದ ಅದೂ ಬಹುಮಟ್ಟಿಗೆ ಸರಿಹೋಗುತ್ತದೆ.

ಎತ್ತರ ಮಾಡುವುದು ಇಷ್ಟು: ಯಂತ್ರಕ್ಕಿದ್ದ ಮಿಗುತಾಯವನ್ನು ತಿಂದುಹಾಕುತ್ತದೆ. ಆಮೇಲೆ ಯಾವ ಸಣ್ಣ ಲೋಪಕ್ಕೂ ಜಾಗವಿರುವುದಿಲ್ಲ.

ನಮ್ಮ ಫ್ರಿಜ್ಜಿನ ಲೋಪ

ಮರುದಿನ ಬೆಳಿಗ್ಗೆ ಪಕ್ಕದ ಜಾಗದಲ್ಲಿ ಬೀಡುಬಿಟ್ಟಿದ್ದ ಹಿರಿಯರೊಬ್ಬರು ಭಾವನ ಪೇಚಾಟ ನೋಡಿ ಬಂದರು. ಎಂಜಿನಿಯರಿಂಗ್ ಓದಿದ ನಾವಿಬ್ಬರೂ ಒತ್ತಡ, ಸಾಂದ್ರತೆ ಎಂದು ಮಾತಾಡಿಕೊಳ್ಳುತ್ತಿದ್ದರೆ ಅವರು ಒಳಗೆ ಹೋಗಿ ಮೇಜಿನ ಮೇಲೆ ಒಂದು ಪುಟ್ಟ ರಸಮಟ್ಟವನ್ನು ಇಟ್ಟರು. ಗುಳ್ಳೆ ಒಂದು ಬದಿಗೆ ಓಡಿತು. ವಾಹನ ಓರೆಯಾಗಿ ನಿಂತಿತ್ತು.

ಗುರುತ್ವವನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ. ಈ ಯಂತ್ರದಲ್ಲಿ ದ್ರವ ಹಿಂದಿರುಗುವುದು ಇಳಿಜಾರಿನಲ್ಲಿ ತಾನಾಗಿ ಹರಿದು. ವಾಹನ ಓರೆಯಾದರೆ ದ್ರವ ಎಲ್ಲೋ ಮಡುಗಟ್ಟಿ ಕುದಿಪಾತ್ರೆ ಒಣಗುತ್ತದೆ. ಅಕ್ಕಪಕ್ಕಕ್ಕೆ 3 ಡಿಗ್ರಿ, ಹಿಂದೆಮುಂದಕ್ಕೆ 6 ಡಿಗ್ರಿಗಿಂತ ಹೆಚ್ಚು ಓರೆ ಸಲ್ಲದು ಎಂಬುದು ಸಾಮಾನ್ಯ ಮಿತಿ. ಒಣಗಿದ ಪಾತ್ರೆ ಅತಿಯಾಗಿ ಕಾದಾಗ, ಉಕ್ಕು ತುಕ್ಕು ಹಿಡಿಯದಿರಲೆಂದು ದ್ರವದಲ್ಲಿ ಬೆರೆಸಿದ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ ಗುಳ್ಳೆಪಂಪಿನ ಕೊಳವೆಯನ್ನು ಕಟ್ಟಿಬಿಡುತ್ತದೆ. ಹಾಗಾದರೆ ಆ ಫ್ರಿಜ್ ಮುಗಿದಂತೆ. ಚಲಿಸುವಾಗ ಈ ಭಯವಿಲ್ಲ, ವಾಹನ ಅತ್ತಿತ್ತ ತೂಗುತ್ತಿರುವುದರಿಂದ ದ್ರವ ಒಂದೆಡೆ ನಿಲ್ಲುವುದಿಲ್ಲ. ನಿಂತಾಗಲೇ ಅಪಾಯ. ಬೆಟ್ಟದ ಶಿಬಿರತಾಣಗಳಲ್ಲಿ ಸಮತಟ್ಟಾದ ಜಾಗ ಅಪರೂಪವಾದ್ದರಿಂದ ‘ಎತ್ತರದ ತೊಂದರೆ’ ಎಂದು ಜನ ಹೇಳುವುದರಲ್ಲಿ ಎಷ್ಟೋ ಪಾಲು ಇಳಿಜಾರಿನ ತೊಂದರೆಯೇ ಆಗಿರುತ್ತದೆ. ಚಕ್ರದ ಕೆಳಗೆ ಎರಡು ಹಲಗೆ ಕೊಟ್ಟೆವು. ಗುಳ್ಳೆ ನಡುವಿಗೆ ಬಂತು.

ಓರೆ ನಿಂತರೆ ತಂಪು ಕೆಡಬಹುದು, ಆದರೆ ಜ್ವಾಲೆ ಆರಿಹೋಗುವುದಕ್ಕೆ ಬೇರೆಯೇ ಕಾರಣ ಇರಬೇಕು ಎಂದರು ಅವರು. ಸ್ವಿಚ್ ಆರಿಸಿ, ಸಿಲಿಂಡರಿನ ವಾಲ್ವ್ ಮುಚ್ಚಿ, ಎಲ್ಲ ತಣಿಯುವವರೆಗೆ ಕಾದು, ಹೊರಗಿನ ಕೆಳಗಿನ ಜಾಲರಿ ಬಾಗಿಲನ್ನು ತೆಗೆದರು. ಬರ್ನರಿನ ಮುಂದೆ ಒಂದು ತಗಡಿನ ಮುಚ್ಚಳ. ಅದನ್ನು ಸರಿಸಿದರೆ, ಬರ್ನರಿನ ಸೀಳುಗಳ ಮೇಲೆ ಕಂದು ಬಣ್ಣದ ಚೂರುಗಳು ಬೆಲ್ಲದ ಪುಡಿಯಂತೆ ಬಿದ್ದಿದ್ದವು. ಚಿಮಣಿಯೊಳಗಿನ ತುಕ್ಕು ಉದುರಿ ಕೆಳಗೆ ಬಿದ್ದಿತ್ತು. ಗಾಳಿ ಹೊಗುವ ಬದಿಯ ತೂತಿಗೆ ಅಡ್ಡವಾಗಿ ಜೇಡರ ಬಲೆ. ಮೆತ್ತನೆಯ ಬ್ರಷ್ಷಿನಿಂದ ಗುಡಿಸಿ, ಸೈಕಲ್ ಪಂಪಿನಿಂದ ನಾಲ್ಕು ಸಲ ಗಾಳಿ ಹೊಡೆದರು.

ನಾನು ಜೆಟ್ಟನ್ನೂ ಬಿಚ್ಚಿ ಸೂಜಿ ಹಾಕೋಣವೆಂದೆ. ಸೀಮೆಎಣ್ಣೆ ಪಂಪ್ ಸ್ಟೌವ್ ನೋಡಿ ಬೆಳೆದವರಿಗೆ ಸ್ಟೌವ್ ಪಿನ್ನಿನ ನೆನಪು ಹೋಗುವುದಿಲ್ಲ. ಉರಿ ಸಣ್ಣಗಾದರೆ ಪಿನ್ ಚುಚ್ಚುವುದು ಕೈಗೆ ಅಂಟಿದ ಅಭ್ಯಾಸ. ಅವರು ಬೇಡವೆಂದು ತಡೆದರು. ಫ್ರಿಜ್ಜಿನ ಜೆಟ್ಟಿನ ತೂತು ಕೂದಲಿನಷ್ಟು ಸಣ್ಣದು, ಕೆಲವದರಲ್ಲಿ ಮಾಣಿಕ್ಯದ ಹರಳಿನಲ್ಲಿ ಕೊರೆದದ್ದು. ಸೂಜಿ ಹಾಕಿದರೆ ತೂತು ಒಂದೆಳೆ ದೊಡ್ಡದಾಗುತ್ತದೆ ಅಥವಾ ಹರಳು ಒಡೆಯುತ್ತದೆ. ಗಾಳಿಗೆ ಬರವಿರುವ ಜಾಗದಲ್ಲಿ ಗ್ಯಾಸ್ ಹೆಚ್ಚಿಸಿದಂತಾಗುತ್ತದೆ. ತಿಳಿದವರು ಅದನ್ನು ಆಲ್ಕೊಹಾಲಿನಲ್ಲಿ ನೆನೆಸಿ ತಾನಾಗಿ ಒಣಗಲು ಬಿಡುತ್ತಾರೆ. ಬಾಡಿಗೆಯ ವಾಹನದಲ್ಲಿ ಅಷ್ಟೂ ನಮ್ಮ ಕೆಲಸವಲ್ಲ.

ಹಚ್ಚುವ ಮೊದಲು ಅವರು ಒಳಗಿನ ಒಲೆಯನ್ನು ಒಂದು ನಿಮಿಷ ಉರಿಸಿದರು. ಸಿಲಿಂಡರ್ ಮುಚ್ಚಿ ತೆರೆದಾಗ ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಫ್ರಿಜ್ಜಿನ ಕೂದಲಿನಂಥ ಜೆಟ್ ಅದನ್ನು ಹೊರಹಾಕುವ ಹೊತ್ತಿಗೆ ಯಂತ್ರದ ತಾಳ್ಮೆ ಮುಗಿದು ‘ಚೆಕ್’ ಬರುತ್ತದೆ. ಒಲೆ ಆ ಗಾಳಿಯನ್ನು ಕ್ಷಣದಲ್ಲಿ ಉಗುಳುತ್ತದೆ. ಆಮೇಲೆ ಫ್ರಿಜ್ಜಿನ ಸ್ವಿಚ್ ಒತ್ತಿದರು. ಟಿಕ್ ಟಿಕ್ ಎಂದಿತು, ಬುಸ್ ಎಂದಿತು. ಬಗ್ಗಿ ನೋಡಿದೆವು. ಚಿಮಣಿಯ ಬುಡದಲ್ಲಿ ನೀಲಿ ಜ್ವಾಲೆ, ತುದಿಯಲ್ಲಿ ಮಾತ್ರ ಚೂರು ಹಳದಿ. ಎತ್ತರದ ಪಾಲು ಆ ಚೂರು ಹಳದಿಯಷ್ಟೇ.

ಹೋಗುವವರಿಗೆ ಒಂದೆರಡು ಮಾತು

ಈ ಫ್ರಿಜ್ ನಿಧಾನ. ಬೆಚ್ಚಗಿನ ಸಾಮಾನು ತುಂಬಿ ಹೊರಟರೆ ತಣಿಯಲು ಒಂದು ರಾತ್ರಿ ಬೇಕು. ಮೊದಲೇ ಸೊರಗಿದ ಜ್ವಾಲೆಗೆ ಆ ಹೊರೆ ಹೊರಿಸಬಾರದು. ಹೊರಡುವ ಹಿಂದಿನ ದಿನವೇ ಮನೆಯ ವಿದ್ಯುತ್ತಿಗೆ ಸಿಕ್ಕಿಸಿ ತಣಿಸಿ, ತಣ್ಣಗಾದ ಸಾಮಾನನ್ನೇ ಒಳಗಿಟ್ಟರೆ ಅರ್ಧ ಕೆಲಸ ಮುಗಿಯಿತು. ದಾರಿಯಲ್ಲಿ ವಿದ್ಯುತ್ ಇರುವ ಕಡೆ ತಂಗಿದರೆ ಅಲ್ಲಿ ಗ್ಯಾಸ್ ಬಿಟ್ಟು ವಿದ್ಯುತ್ತಿನಲ್ಲಿ ನಡೆಸಿ. ಒಳಗೆ ಗಾಳಿಯಾಡಲು ಜಾಗ ಬಿಡಿ. ನಮ್ಮವರ ಅಭ್ಯಾಸದಂತೆ ಡಬ್ಬಿಯ ಮೇಲೆ ಡಬ್ಬಿ ಪೇರಿಸಿದರೆ ಮೇಲಿನ ತಂಪು ಕೆಳಗಿಳಿಯುವುದಿಲ್ಲ. ಒಂದು ಥರ್ಮಾಮೀಟರ್ ಇಡಿ. 4 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಹಾಲು, ಮಾಂಸಗಳಿಗೆ ಭಯವಿಲ್ಲ.

ಕಾರ್ಬನ್ ಮಾನಾಕ್ಸೈಡ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಫ್ರಿಜ್ಜಿನ ಹೊಗೆ ಹೊರಗೆ ಹೋಗುತ್ತದೆ, ಒಳಗಿನ ಒಲೆಯದ್ದು ಹೋಗುವುದಿಲ್ಲ. ಒಲೆಗೂ ಅದೇ ತೆಳುಗಾಳಿ, ನಮ್ಮ ಶ್ವಾಸಕೋಶಕ್ಕೂ ಅದೇ. ಚಳಿಯೆಂದು ಕಿಟಕಿಗಳನ್ನೆಲ್ಲ ಬಿಗಿದು ಒಲೆ ಉರಿಸಿಕೊಂಡು ಕೂರಬಾರದು. ವಾಹನದಲ್ಲಿರುವ ಎಚ್ಚರಿಕೆಯ ಗಂಟೆ ಕೆಲಸ ಮಾಡುತ್ತಿದೆಯೇ ಎಂದು ಹೊರಡುವ ಮೊದಲೇ ಒತ್ತಿ ನೋಡಬೇಕು. ಹಾಗೆಯೇ ಫ್ರಿಜ್ಜಿನ ಸುತ್ತ ಅಮೋನಿಯದ ಕಟುವಾಸನೆ ಬಂದರೆ, ಹಿಂದಿನ ಕೊಳವೆಗಳ ಮೇಲೆ ಹಳದಿ ಪುಡಿ ಕಂಡರೆ, ಅದು ಸೋರಿಕೆ. ಆರಿಸಿ ದೂರ ಸರಿಯುವುದೊಂದೇ ದಾರಿ.

ಹೊಸ ಆರ್‌ವಿಗಳಲ್ಲಿ ಈಗ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜುಗಳು ಬರುತ್ತಿವೆ. ಚಾವಣಿಯ ಮೇಲೆ ಸೌರಫಲಕ, ಕೆಳಗೆ ಲಿಥಿಯಂ ಬ್ಯಾಟರಿ. ಅವಕ್ಕೆ ಬೆಂಕಿಯೂ ಇಲ್ಲ, ಓರೆಯ ಭಯವೂ ಅಷ್ಟಿಲ್ಲ, ಎತ್ತರದ ಗೊಡವೆಯೂ ಇಲ್ಲ. ಭಾವ ಮುಂದಿನ ಸಲ ಅಂಥದ್ದನ್ನೇ ತರುತ್ತಾರಂತೆ. ಬೆಂಕಿಯಿಂದ ಮಂಜು ಮಾಡುವ ಆ ಮೂಕಯಂತ್ರದ ಮೇಲೆ ನನಗೆ ಮಾತ್ರ ಪ್ರೀತಿ ಹುಟ್ಟಿಬಿಟ್ಟಿದೆ.

ಅಂದು ಸಂಜೆ ಥರ್ಮಾಮೀಟರ್ 5 ಡಿಗ್ರಿಗೆ ಇಳಿದಿತ್ತು, ಮರುದಿನ ಬೆಳಿಗ್ಗೆ 3. ಆದರೆ ಮೊದಲ ರಾತ್ರಿ ಫ್ರಿಜ್ ಆರಿದ್ದಾಗ ದೋಸೆ ಹಿಟ್ಟು ಮೆಲ್ಲಗೆ ಹುಳಿ ಬಂದು ಒಂದು ಡಬ್ಬಿಯ ಮುಚ್ಚಳವನ್ನೇ ಎತ್ತಿತ್ತು. “ಕೆಳಗಿನ ಊರಿನಲ್ಲಿಯೂ ಇಷ್ಟು ಚೆನ್ನಾಗಿ ಉಬ್ಬುವುದಿಲ್ಲ” ಎಂದಳು ಅಕ್ಕ. ರಸಮಟ್ಟದ ಹಿರಿಯರಿಗೆ ಮೊದಲ ಎರಡು ದೋಸೆ ಹೋದವು.